ಕಡಲ ತಳದ ಹುಲ್ಲಿಗೆ ಗೊಬ್ಬರ ಹಾಕುವವರು ಯಾರು?

ಕಡಲಹುಲ್ಲಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಟಿಪ್ಪಣಿಗೆ ಕರಾವಳಿಯವರಿಗಿಂತ ಹೆಚ್ಚಾಗಿ ಬರೆದವರು ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಓದುಗರು. ಗುಡ್ಡೆ, ತೋಟ, ಹೊಳೆಗಳ ನಡುವೆ ಇರುವವರಿಗೆ ಕಡಲ ತಳದ ಸಂಗತಿ ಯಾಕೆ ಎಂದು ಮೊದಲಿಗೆ ಅನ್ನಿಸಿತ್ತು. ಪತ್ರ ಓದಿದ ಮೇಲೆ ಕಾರಣ ತಿಳಿಯಿತು. ಎಲ್ಲರ ಪ್ರಶ್ನೆಯೂ ಸುತ್ತಿ ಬಂದು ಗೊಬ್ಬರಕ್ಕೇ ನಿಂತಿದೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮದು ಅಡಿಕೆ ತೋಟ. ಒಂದು ವರ್ಷ ಸೊಪ್ಪು, ಹಟ್ಟಿಗೊಬ್ಬರ ಹಾಕುವುದು ತಪ್ಪಿದರೆ ಮರುವರ್ಷ ಹಿಂಗಾರದಲ್ಲೇ ಗೊತ್ತಾಗುತ್ತದೆ. ಕಡಲ ತಳದಲ್ಲಿ ಎಕರೆಗಟ್ಟಲೆ ಹುಲ್ಲು ವರ್ಷವಿಡೀ ಬೆಳೆಯುತ್ತದೆ ಎಂದು ಬರೆದಿದ್ದೀರಿ. ಅಲ್ಲಿ ಗೊಬ್ಬರ ಹಾಕುವವರು ಯಾರು?
– ಅಡಿಕೆ ಕೃಷಿಕರು, ಅರಂತೋಡು

ಉತ್ತರ: ನಿಮ್ಮ ತೋಟದ ಲೆಕ್ಕದಿಂದಲೇ ಹೊರಡೋಣ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿರು ಸೊಪ್ಪು ಮತ್ತು 12 ಕಿಲೋ ಕಾಂಪೋಸ್ಟ್ ಹಾಕಬೇಕೆಂಬ ಶಿಫಾರಸು ನಿಮಗೆ ಗೊತ್ತೇ ಇದೆ. ಇಷ್ಟೊಂದು ಬೇಕಾಗುವುದಕ್ಕೆ ಎರಡು ಕಾರಣ. ಅಡಿಕೆಯ ಚೀಲ ಪೇಟೆಗೆ ಹೋಗುವಾಗ ತೋಟದ ಸಾರವೂ ಅದರೊಂದಿಗೆ ಹೋಗುತ್ತದೆ, ಉಳಿದದ್ದರಲ್ಲಿ ಒಂದು ಪಾಲನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಕಡಲಹುಲ್ಲಿನ ಬಯಲಿನಲ್ಲಿ ಕೊಯ್ದು ಮಾರುವವರಿಲ್ಲ. ಹಾಗಾಗಿ ಅಲ್ಲಿ ಹೊಸ ಗೊಬ್ಬರ ಎಷ್ಟು ಬರುತ್ತದೆ ಎನ್ನುವುದಕ್ಕಿಂತ, ಒಮ್ಮೆ ಬಂದದ್ದು ಎಷ್ಟು ಸಲ ತಿರುಗಿ ಬಳಕೆಗೆ ಸಿಗುತ್ತದೆ ಎಂಬುದೇ ಮುಖ್ಯ.

ಕಡಲಹುಲ್ಲು ಪಾಚಿಯಲ್ಲ, ಕಡಲಕಳೆಯೂ ಅಲ್ಲ. ಬೇರು, ನೆಲದೊಳಗೆ ಹರಿಯುವ ಕಾಂಡ, ಎಲೆ, ಹೂವು, ಬೀಜ ಎಲ್ಲವೂ ಇರುವ ನಿಜವಾದ ಸಸ್ಯ. ಅದು ಚೆನ್ನಾಗಿ ಬೆಳೆಯುವ ಹವಳದ್ವೀಪಗಳ ಲಗೂನಿನ, ಅಂದರೆ ಹವಳದಿಬ್ಬ ಸುತ್ತುವರಿದ ಆಳವಿಲ್ಲದ ಕಡಲಿನ, ತಿಳಿನೀರಿನಲ್ಲಿ ಕರಗಿದ ಸಾರಜನಕ, ರಂಜಕ ಬಹಳ ಕಡಿಮೆ. ನೀರು ಗಾಜಿನ ಹಾಗೆ ಕಾಣಿಸುವುದೇ ಅದರಿಂದಾಗಿ. ಹುಲ್ಲು ತನ್ನ ಹಳೆಯ ಎಲೆ ಉದುರಿಸುವ ಮೊದಲು ಅದರ ಸಾರದ ಒಂದಂಶವನ್ನು ಒಳಗೆಳೆದುಕೊಳ್ಳುತ್ತದೆ. ಉಳಿದದ್ದು ಉದುರಿದ ಎಲೆಯಲ್ಲೇ ಇರುತ್ತದೆ. ಆ ಎಲೆ ಕೊಳೆತು ಮಣ್ಣಿಗೆ ಸೇರಲು ನಿಧಾನ, ಯಾಕೆಂದರೆ ಅದರಲ್ಲಿ ನಾರು ಹೆಚ್ಚು, ಸಾರಜನಕ ಕಡಿಮೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಸಾರಜನಕ ಬೇಕಾದ್ದರಿಂದ, ಮೊದಲಿಗೆ ಅವೇ ಸುತ್ತಲಿನದನ್ನೂ ಹೀರಿಕೊಂಡುಬಿಡುತ್ತವೆ. ಹಸಿ ಮರದ ಹುಡಿಯನ್ನು ಬುಡಕ್ಕೆ ಹಾಕಿ ಗಿಡ ಹಳದಿಯಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಣಿಗಳು ಬರುವುದು ಇಲ್ಲಿ. ಒಂದು ಮೀನು ಹುಲ್ಲನ್ನೋ, ಹುಲ್ಲಿನ ಮೇಲಿನ ಹುಳವನ್ನೋ, ಸಿಗಡಿಯನ್ನೋ ತಿಂದರೆ ಮೈಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಸಾರಜನಕವನ್ನು ಕೆಲವೇ ಗಂಟೆಗಳಲ್ಲಿ ಅಮೋನಿಯಾ ರೂಪದಲ್ಲಿ ಹೊರಗೆ ಬಿಡುತ್ತದೆ. ಪತ್ರಿಕೆಗಳು ಇದನ್ನು ‘ಮೀನಿನ ಮೂತ್ರ’ ಎಂದು ಬರೆಯುವುದುಂಟು. ನಿಜವಾಗಿ ಅದರಲ್ಲಿ ದೊಡ್ಡ ಪಾಲು ಹೊರಬರುವುದು ಕಿವಿರುಗಳ ಮೂಲಕ, ಅಂದರೆ ಉಸಿರಾಡಿದ ಹಾಗೆ ಸದಾ ಸೋರುತ್ತಲೇ ಇರುತ್ತದೆ. ಹುಲ್ಲಿಗೆ ಅದು ಸಿದ್ಧ ಆಹಾರ. ಅಡಿಕೆ ಮರ ಬೇರಿನಿಂದಷ್ಟೇ ಉಣ್ಣಬೇಕು, ಕಡಲಹುಲ್ಲಿಗೆ ಬೇರೂ ಬಾಯಿ, ಎಲೆಯೂ ಬಾಯಿ. ಮೇಲಿನಿಂದ ತೇಲಿ ಬಂದ ಅಮೋನಿಯಾವನ್ನು ಎಲೆಯೇ ನೇರವಾಗಿ ಹೀರಿಕೊಳ್ಳುತ್ತದೆ.

ಪ್ರಾಣಿಗಳು ಸಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತವೆ ಕೂಡ. 1983ರಲ್ಲಿ ಜೂಡಿ ಮೇಯರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಕೆರಿಬಿಯನ್ ಕಡಲಿನ ಗ್ರಂಟ್ ಎಂಬ ಮೀನಿನ ಮರಿಗಳ ಬಗ್ಗೆ ಬರೆದರು. ಈ ಮರಿಗಳು ರಾತ್ರಿ ಕಡಲಹುಲ್ಲಿನ ಬಯಲಿನಲ್ಲಿ ಮೇಯುತ್ತವೆ, ಹಗಲು ಹವಳದ ಗುಡ್ಡೆಗಳ ಮೇಲೆ ಗುಂಪಾಗಿ ನಿಲ್ಲುತ್ತವೆ. ಮೀನಿನ ಗುಂಪು ನಿಲ್ಲುವ ಹವಳ, ಮೀನು ನಿಲ್ಲದ ಹವಳಕ್ಕಿಂತ ಚೆನ್ನಾಗಿ ಬೆಳೆಯುತ್ತಿತ್ತು. ಅಲ್ಲಿ ಹುಲ್ಲಿನ ಸಾರ ಹವಳಕ್ಕೆ ಹೋಗಿತ್ತು. ಆಮೇಲೆ ಬಹಾಮಾಸ್‌ನಲ್ಲಿ ಜೇಕಬ್ ಆಲ್ಗೈಯರ್, ಕ್ರೇಗ್ ಲೇಮನ್ ಮತ್ತಿತರರು ಹುಲ್ಲಿನ ನಡುವೆ ಸಿಮೆಂಟ್ ಬ್ಲಾಕ್‌ಗಳನ್ನು ಪೇರಿಸಿ ಮೀನುಗಳಿಗೆ ಮನೆ ಮಾಡಿಕೊಟ್ಟರು. ಮೀನು ಸೇರಿದಲ್ಲಿ ಸುತ್ತಲಿನ ಹುಲ್ಲು ಹೆಚ್ಚು ಬೆಳೆಯಿತು.

ರಂಜಕದ ಬಗ್ಗೆ ಒಂದು ಮಾತು. ನಮ್ಮ ಕಡೆಯ ಮುರಕಲ್ಲಿನ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಸಿಗುವುದು ಸ್ವಲ್ಪ. ಹವಳದ ಮರಳಿನಲ್ಲಿ ಅದೇ ಕೆಲಸವನ್ನು ಸುಣ್ಣ ಮಾಡುತ್ತದೆ. ಹಾಗಾಗಿ ಅಂಥ ಜಾಗಗಳಲ್ಲಿ ಸಾರಜನಕಕ್ಕಿಂತ ರಂಜಕದ ಬರವೇ ಹೆಚ್ಚಾಗಿರುವುದುಂಟು. ಮೀನು, ಹಕ್ಕಿಗಳ ಹಿಕ್ಕೆಯಲ್ಲಿ ಬರುವ ರಂಜಕಕ್ಕೆ ಅಲ್ಲಿ ಬೆಲೆ ಬರುವುದು ಆದ್ದರಿಂದಲೇ.

ಇನ್ನು ಹೊಸ ಸಾರಜನಕವೂ ಸ್ವಲ್ಪ ಬರುತ್ತದೆ. ಹುಲ್ಲಿನ ಬೇರಿನ ಸುತ್ತ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾಗಳಿವೆ. ಆದರೆ ದಿನನಿತ್ಯದ ಊಟ ನಡೆಯುವುದು ಹೆಚ್ಚಾಗಿ ಮರುಬಳಕೆಯ ಮೇಲೆ.

ಪ್ರಶ್ನೆ: ಸರ್, ಸತ್ತದ್ದನ್ನು ಕೊಳೆಸಿ ಪೋಷಕಾಂಶ ಮರಳಿಸುವುದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಎಂದು ನಾವು ಓದಿದ್ದೇವೆ. ಪ್ರಾಣಿಗಳನ್ನು ಭಕ್ಷಕರು ಎಂದಷ್ಟೇ ಹೇಳಿದ್ದಾರೆ. ಕಡಲಲ್ಲಿ ಇದು ಬೇರೆಯೇ? ಯಾವ ಯಾವ ಪ್ರಾಣಿ ಏನು ಮಾಡುತ್ತದೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಅರಂತೋಡು

ಉತ್ತರ: ಪುಸ್ತಕದಲ್ಲಿರುವುದು ತಪ್ಪಲ್ಲ, ಅರ್ಧ. ಕೊನೆಯ ಕೆಲಸ ಕಡಲಲ್ಲೂ ಬ್ಯಾಕ್ಟೀರಿಯಾದ್ದೇ. ಅದು ಎಲ್ಲಿ ನಡೆಯಬೇಕು, ಎಷ್ಟು ಬೇಗ ನಡೆಯಬೇಕು ಎಂಬುದನ್ನು ಬಹಳ ಮಟ್ಟಿಗೆ ಪ್ರಾಣಿಗಳು ತೀರ್ಮಾನಿಸುತ್ತವೆ. ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಿರಿ, ಮಾರ್ಕು ಹೋಗುವುದು ಬೇಡ!

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಒಂದು ಜಾತಿಯ ಚಿಪ್ಪುಮೀನು. ಅಳಿವೆಯ ಕರಿ ಕೆಸರನ್ನು ಕಾಲಿನಿಂದ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದ ಕೆಸರಿನಲ್ಲಿ ಎಲೆ, ಬೇರು ಕೊಳೆಯುವಾಗ ಇದು ಹುಟ್ಟುತ್ತದೆ, ಹುಲ್ಲಿಗೇ ವಿಷವಾಗುತ್ತದೆ. ಅಂದರೆ ಹುಲ್ಲು ಚೆನ್ನಾಗಿ ಬೆಳೆದಷ್ಟೂ ತನ್ನ ಕಸದಿಂದಲೇ ಸಾಯುವ ಅಪಾಯ. ಲ್ಯೂಸಿನಿಡ್ ಎಂಬ ಕುಟುಂಬದ ಚಿಪ್ಪುಮೀನುಗಳು ಆ ಕೆಸರಿನಲ್ಲೇ ಹೂತುಕೊಂಡಿರುತ್ತವೆ. ಅವುಗಳ ಕಿವಿರಿನೊಳಗೆ ಇರುವ ಬ್ಯಾಕ್ಟೀರಿಯಾ ಈ ಸಲ್ಫೈಡನ್ನು ಉರಿಸಿ ಶಕ್ತಿ ಪಡೆಯುತ್ತವೆ, ಆ ಶಕ್ತಿಯಿಂದ ತಯಾರಾದ ಆಹಾರದಲ್ಲಿ ಚಿಪ್ಪುಮೀನಿಗೂ ಪಾಲು. ಉರಿಸಲು ಬೇಕಾದ ಆಮ್ಲಜನಕದ ಒಂದಂಶ ಹುಲ್ಲಿನ ಬೇರಿನಿಂದ ಸೋರಿ ಬರುತ್ತದೆ. ಹುಲ್ಲು, ಚಿಪ್ಪುಮೀನು, ಬ್ಯಾಕ್ಟೀರಿಯಾ – ಮೂವರೂ ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡು ಬದುಕುವುದನ್ನು ಡಚ್ ವಿಜ್ಞಾನಿ ಟೈಸ್ ವಾನ್ ಡೆರ್ ಹೈಡೆ ಮತ್ತು ಸಂಗಡಿಗರು 2012ರಲ್ಲಿ ತೋರಿಸಿಕೊಟ್ಟರು. ಉಷ್ಣವಲಯದ ಬಹುತೇಕ ಕಡಲಹುಲ್ಲಿನ ಬಯಲುಗಳಲ್ಲಿ ಈ ಚಿಪ್ಪುಮೀನುಗಳಿವೆ. ನಿಮ್ಮ ಮನೆಯಲ್ಲಿ ಸುಕ್ಕ ಮಾಡುವ ಮರುವಾಯಿ ಇದರ ದೂರದ ನೆಂಟ, ಇದೇ ಅಲ್ಲ.

ಕಡಲ ಸೌತೆಯ ಕೆಲಸ ಮರಳು ನುಂಗುವುದು. ಸೌತೆಕಾಯಿಯ ಆಕಾರದ ಈ ಪ್ರಾಣಿ ಮರಳನ್ನು ಒಳಗೆಳೆದುಕೊಂಡು, ಅದಕ್ಕೆ ಅಂಟಿದ ಕೊಳೆತ ಎಲೆಯ ಚೂರು, ಪಾಚಿ, ಬ್ಯಾಕ್ಟೀರಿಯಾಗಳನ್ನು ಜೀರ್ಣಿಸಿ ಉಳಿದ ಮರಳನ್ನು ಹಿಂದಿನಿಂದ ಬಿಡುತ್ತದೆ. ಜೊತೆಗೆ ಅಮೋನಿಯಾ. ಕೆಲವು ಜಾತಿಗಳು ದಿನದ ಒಂದಷ್ಟು ಹೊತ್ತು ಮರಳೊಳಗೆ ಹೂತುಕೊಳ್ಳುವುದರಿಂದ ಮರಳು ಸಡಿಲವಾಗಿ ಒಳಕ್ಕೆ ಗಾಳಿಯಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಹುಲ್ಲಿನ ನಡುವೆ ಬೇಲಿ ಕಟ್ಟಿ ಕಡಲ ಸೌತೆಗಳನ್ನು ಹೊರಗಿಟ್ಟು ನೋಡಿದಾಗ ಹುಲ್ಲಿನ ಬೆಳವಣಿಗೆ ಕುಂದಿತು.

ಬಿಲ ತೋಡುವ ಸಿಗಡಿಗಳದು ಇನ್ನೊಂದು ಉಪಕಾರ. ಉದುರಿದ ಎಲೆ ಹಗುರ, ಇಳಿತದ ನೀರಿನೊಂದಿಗೆ ತೇಲಿ ಹೊರಕಡಲಿಗೆ ಹೋಗಿಬಿಡಬಹುದು. ಇಂಡೊನೇಷ್ಯಾದ ದ್ವೀಪಗಳಲ್ಲಿ ಈ ಸಿಗಡಿಗಳು ಎಲೆಗಳನ್ನು ಕತ್ತರಿಸಿ ಬಿಲಕ್ಕೆ ಎಳೆದುಕೊಂಡು ಹೋಗುವುದನ್ನು ಅಳೆದಿದ್ದಾರೆ. ಸಾರ ಹೊರಗೆ ಹೋಗದೆ ಬೇರಿನ ಪಕ್ಕದಲ್ಲೇ ಉಳಿಯುತ್ತದೆ.

ಇನ್ನು ಕಡಲಹಸು. ದಿನಕ್ಕೆ 30–40 ಕಿಲೋ ಹುಲ್ಲನ್ನು ಬೇರುಸಮೇತ ಕಿತ್ತು ತಿನ್ನುವ ಪ್ರಾಣಿ. ಅದು ಮೇಯ್ದ ದಾರಿ ನೆಲದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಇಲ್ಲ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿಲೋಮೀಟರ್ ಜಾಗವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದಾರೆ.

ಪ್ರಶ್ನೆ: ಕಡಲ ಸೌತೆಗೆ ವಿದೇಶದಲ್ಲಿ ಭಾರೀ ಬೆಲೆಯಂತೆ. ಹಿಡಿದು ಮಾರುವ ವ್ಯಾಪಾರಕ್ಕೆ ಅವಕಾಶ ಇದೆಯೇ?
– ಓದುಗರು, ಸುಳ್ಯ

ಉತ್ತರ: ಇಲ್ಲ. 2001ರಿಂದ ಕಡಲ ಸೌತೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯನ್ನು ಹಿಡಿದಷ್ಟೇ ಅಪರಾಧ. ಲಕ್ಷದ್ವೀಪದಲ್ಲಿ 2020ರಲ್ಲಿ ಚೆರಿಯಪಾಣಿ ಹವಳದಿಬ್ಬದ ಸುತ್ತ 239 ಚದರ ಕಿಲೋಮೀಟರ್ ಪ್ರದೇಶವನ್ನು ಕಡಲ ಸೌತೆಗಳ ರಕ್ಷಣೆಗೆಂದೇ ಘೋಷಿಸಿದರು, ಕಳ್ಳಸಾಗಣೆ ಅಷ್ಟು ಜೋರಾಗಿದ್ದುದರಿಂದ. ಬೇರೆ ವ್ಯಾಪಾರ ನೋಡಿ.

ಪ್ರಶ್ನೆ: ನಮ್ಮೂರಿನ ಮಲ್ಲಿಕಾರ್ಜುನ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನುಗಳಿವೆ. ಬಂದವರೆಲ್ಲ ಅಕ್ಕಿ, ಅರಳು ಹಾಕುತ್ತಾರೆ. ಅಷ್ಟು ಮೀನು ಒಂದೇ ಗುಂಡಿಯಲ್ಲಿರುವಾಗ ಅವುಗಳ ಹಿಕ್ಕೆಯೂ ನೀರಿಗೆ ಗೊಬ್ಬರವಾಗುತ್ತದೆಯೇ? ಕಡಲಿನಲ್ಲಿ ಆಗುವುದೇ ಇಲ್ಲೂ ಆಗುತ್ತಿದೆಯೇ?
– ನಿವೃತ್ತ ಅಧ್ಯಾಪಕರು, ತೊಡಿಕಾನ

ಉತ್ತರ: ಆಗುತ್ತದೆ ಮೇಷ್ಟ್ರೇ, ಆದರೆ ಒಂದು ವ್ಯತ್ಯಾಸದೊಂದಿಗೆ. ನಿಮ್ಮ ಹೊಳೆಯ ಮಹಶೀರ್ ಕೂಡ ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಗುಂಡಿಯ ಕಲ್ಲಿನ ಮೇಲಿನ ಪಾಚಿ ಅದನ್ನು ಹೀರಿ ಬೆಳೆಯುತ್ತದೆ, ಪಾಚಿಯನ್ನು ಹುಳುಗಳೂ ಸಣ್ಣ ಮೀನುಗಳೂ ತಿನ್ನುತ್ತವೆ. ವ್ಯತ್ಯಾಸ ಇರುವುದು ನೀರಿನ ದಾರಿಯಲ್ಲಿ. ಲಗೂನಿನ ನೀರು ಭರತ–ಇಳಿತಗಳಲ್ಲಿ ಹೋಗಿ ಬರುತ್ತದೆ, ಸಾರ ಹೆಚ್ಚು ಕಡಿಮೆ ಅಲ್ಲೇ ಸುತ್ತುತ್ತದೆ. ಹೊಳೆಯಲ್ಲಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ಕೆಳಗೆ ಸರಿದಿರುತ್ತದೆ. ಪಾಚಿ ಹೀರಿದ ಸಾರಜನಕ ಮತ್ತೆ ನೀರಿಗೆ ಬೀಳುವುದು ಇನ್ನಷ್ಟು ಕೆಳಗೆ, ಅಲ್ಲಿ ಇನ್ಯಾರೋ ಹಿಡಿಯುತ್ತಾರೆ. ಹೀಗೆ ಸುರುಳಿ ಸುತ್ತಿಕೊಂಡು ಅದು ಪಯಸ್ವಿನಿಗೆ, ಅಲ್ಲಿಂದ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲಿಗೆ ಸೇರುತ್ತದೆ.

ಅಕ್ಕಿ, ಅರಳಿನ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಅದು ಹೊಳೆಯ ಸಾರ ತಿರುಗುವುದಲ್ಲ, ಗದ್ದೆಯ ಸಾರವನ್ನು ಹೊರಗಿನಿಂದ ತಂದು ಸುರಿಯುವುದು. ಮಳೆಗಾಲದಲ್ಲಿ ನೀರು ಭೋರ್ಗರೆಯುವಾಗ ತೊಂದರೆಯಿಲ್ಲ. ಮಾರ್ಚ್–ಎಪ್ರಿಲ್‌ನಲ್ಲಿ ಹರಿವು ಕಡಿಮೆಯಾದಾಗ ಮೀನು ತಿನ್ನದೆ ಬಿಟ್ಟ ಅಕ್ಕಿ ತಳದಲ್ಲಿ ಕೊಳೆಯುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. ಹರಕೆ ಹೇಳಿಕೊಂಡವರನ್ನು ತಡೆಯಿರಿ ಎನ್ನುವಷ್ಟು ಧೈರ್ಯ ನನಗಿಲ್ಲ. ಬೇಸಿಗೆಯಲ್ಲಿ ಒಂದು ಮುಷ್ಟಿಗೆ ನಿಲ್ಲಿಸಿ ಎನ್ನಬಹುದಲ್ಲ.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಪಣಂಬೂರಿಗೆ ಹೋಗಿದ್ದಾಗ ದಡದಲ್ಲಿ ಕಂದು ಬಣ್ಣದ ಹುಲ್ಲಿನಂಥದ್ದು ಬಿದ್ದಿತ್ತು. ಅದೇ ಕಡಲಹುಲ್ಲೇ? ನಮ್ಮ ಕರಾವಳಿಯಲ್ಲಿ ಇದು ಎಲ್ಲಿ ನೋಡಲು ಸಿಗುತ್ತದೆ?
– ಗೃಹಿಣಿ, ಸಂಪಾಜೆ

ಉತ್ತರ: ನೀವು ಕಂಡದ್ದು ಬಹುಶಃ ಕಡಲಕಳೆ. ಸಣ್ಣ ಸಣ್ಣ ಗಾಳಿಗುಳ್ಳೆಗಳಿದ್ದರೆ ಸರ್ಗಾಸಂ ಇರಬೇಕು. ಕಲ್ಲಿಗೆ ಅಂಟಿ ಬೆಳೆಯುವ ಅದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ.

ಭಾರತದಲ್ಲಿ ಕಡಲಹುಲ್ಲಿನ ಬಯಲು ಒಟ್ಟು ಸುಮಾರು 500 ಚದರ ಕಿಲೋಮೀಟರ್. ಬಹುಪಾಲು ಇರುವುದು ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಚಿಲಿಕಾ, ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲಿ. ಕರ್ನಾಟಕದ ತೆರೆದ ಕಡಲತೀರ ಇದಕ್ಕೆ ಹೇಳಿ ಮಾಡಿಸಿದ್ದಲ್ಲ. ಕಡಲಹುಲ್ಲಿಗೆ ಬೆಳಕು ಬಹಳ ಬೇಕು, ನೀರಿನ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ಹತ್ತನೇ ಒಂದು ಪಾಲಾದರೂ ತಳ ಮುಟ್ಟಬೇಕು. ನಮ್ಮಲ್ಲಿ ಜೂನ್ ಬಂತೆಂದರೆ ಅಲೆಗಳ ಹೊಡೆತ, ಪಶ್ಚಿಮಘಟ್ಟದಿಂದ ಇಳಿಯುವ ಹತ್ತಾರು ನದಿಗಳ ಕೆಂಪು ನೀರು. 2018ರ ಆಗಸ್ಟಿನಲ್ಲಿ ನಿಮ್ಮೂರಿಗಿಂತ ಮೇಲಿರುವ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಪಯಸ್ವಿನಿ ಯಾವ ಬಣ್ಣದಲ್ಲಿ ಹರಿಯಿತೆಂದು ನಿಮಗೆ ನೆನಪಿದೆ. ಅಷ್ಟು ಕೆಸರಿನ ನೀರಿನಡಿ ಬಿಸಿಲು ಹೇಗೆ ಮುಟ್ಟೀತು?

ಆದರೂ ಹಟ ಬಿಡದ ಒಂದು ಜಾತಿಯಿದೆ. ಹಾಲೋಫಿಲಾ ಬೆಕ್ಕಾರಿ, ಬೆರಳುದ್ದಕ್ಕೂ ಬಾರದ ಪುಟ್ಟ ಹುಲ್ಲು. ಸಿಹಿನೀರು, ಉಪ್ಪುನೀರು ಬೆರೆಯುವ ಅಳಿವೆಗಳ ಕೆಸರಿನಲ್ಲಿ, ಇಳಿತದ ಹೊತ್ತು ನೀರಿನಿಂದ ಹೊರಗೆ ತೆರೆದುಕೊಳ್ಳುವ ಜಾಗದಲ್ಲೂ ಬದುಕುತ್ತದೆ. ಕೇರಳದ ಕಡಲುಂಡಿ, ನಮಗೆ ಹತ್ತಿರದ ಕುಂಬಳೆ ಅಳಿವೆಗಳಲ್ಲಿ ಇದು ದಾಖಲಾಗಿದೆ. ಜಾಗತಿಕ ಕೆಂಪುಪಟ್ಟಿಯಲ್ಲಿ ‘ಅಪಾಯಕ್ಕೆ ಈಡಾಗಬಲ್ಲ’ ಜಾತಿ. ಮಕ್ಕಳಿಗೆ ತೋರಿಸುವುದಿದ್ದರೆ ಮಳೆಗಾಲಕ್ಕೆ ಮುಂಚೆ, ನೀರು ಇಳಿದ ಹೊತ್ತಿಗೆ ಹೋಗಿ. ಕಾಲಿಡುವ ಮೊದಲು ನೆಲ ನೋಡಿ. ಹುಲ್ಲು ಎಷ್ಟು ಸಣ್ಣದೆಂದರೆ ಅದನ್ನು ತುಳಿದುಕೊಂಡೇ ಹುಡುಕುವವರಿದ್ದಾರೆ.

ಪ್ರಶ್ನೆ: ನಾನು ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಹಡಗಿನಲ್ಲಿ ಕೆಲಸ ಮಾಡಿದವನು. ಅಲ್ಲಿನ ಮೀನುಗಾರರು ಕಡಲಾಮೆಗಳೇ ಹುಲ್ಲನ್ನೆಲ್ಲ ತಿಂದು ಮುಗಿಸಿದವು, ಹುಲ್ಲು ಹೋದ ಮೇಲೆ ಮೀನೂ ಹೋಯಿತು ಎಂದು ಶಾಪ ಹಾಕುತ್ತಾರೆ. ತಾವು ನೋಡಿದರೆ ಪ್ರಾಣಿಗಳು ಹುಲ್ಲಿಗೆ ಗೊಬ್ಬರ ಹಾಕುತ್ತವೆ ಎನ್ನುತ್ತೀರಿ. ಯಾರ ಮಾತು ನಂಬಬೇಕು?
– ಓದುಗರು, ಅರಂತೋಡು

ಉತ್ತರ: ಈ ಸಂಚಿಕೆಯ ಅತಿ ಒಳ್ಳೆಯ ಪ್ರಶ್ನೆ ಇದು. ಇಬ್ಬರ ಮಾತನ್ನೂ ನಂಬಿ, ಎರಡೂ ನಿಜ.

ನೀವು ಹೋಗಿ ಬಂದ ದ್ವೀಪಗಳು ನಮಗೆ ಅಷ್ಟೇನೂ ಹೊರಗಿನವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ – ಈ ಅಮಿನಿದಿವಿ ಗುಂಪು 1956ರ ನವೆಂಬರ್‌ವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಆ ಲೆಕ್ಕದಲ್ಲಿ ಕಡಮತ್ತಿನ ಲಗೂನು ಒಂದು ಕಾಲಕ್ಕೆ ಅರಂತೋಡಿನ ಜಿಲ್ಲೆಯದ್ದೇ ಹುಲ್ಲುಗಾವಲು.

ಹಸಿರು ಕಡಲಾಮೆ ದೊಡ್ಡದಾದ ಮೇಲೆ ಮುಖ್ಯವಾಗಿ ತಿನ್ನುವುದು ಕಡಲಹುಲ್ಲು. ಕಡಿಮೆ ಆಮೆಗಳಿದ್ದಾಗ ಅದು ಮೇಯುವ ಬಗೆ ನೋಡುವಂಥದ್ದು. ಕೆರಿಬಿಯನ್‌ನಲ್ಲಿ ಕಂಡಂತೆ, ಒಂದು ತುಂಡು ಜಾಗ ಹಿಡಿದುಕೊಂಡು ಅಲ್ಲಿಗೇ ಮತ್ತೆ ಮತ್ತೆ ಬಂದು ಎಳೆ ಚಿಗುರನ್ನು ಕತ್ತರಿಸುತ್ತದೆ. ಚಿಗುರಿನಲ್ಲಿ ನಾರು ಕಡಿಮೆ, ಸಾರಜನಕ ಹೆಚ್ಚು. ಎಲೆ ತಾನಾಗಿ ಉದುರಿ ಕೊಳೆಯಲು ಬಹಳ ಕಾಲ ಬೇಕಿತ್ತು. ಆಮೆಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಬೇಗ ಒಡೆದು, ಹಿಕ್ಕೆ ಮತ್ತು ಮೂತ್ರದ ರೂಪದಲ್ಲಿ ಬಯಲಿಗೆ ಮರಳಿಸುತ್ತವೆ. ನಾನು ಗೊಬ್ಬರ ಎಂದದ್ದು ಇದನ್ನು.

ಆಮೆಗಳು ಹೆಚ್ಚಾದಾಗ ಏನಾಗುತ್ತದೆ ಎಂಬುದಕ್ಕೆ ಲಕ್ಷದ್ವೀಪ ಜಗತ್ತಿಗೇ ಉದಾಹರಣೆಯಾಯಿತು. ಅದನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದವರು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಅವರ ಸಂಗಡಿಗರು. ಅಗತ್ತಿ ದ್ವೀಪದ ಲಗೂನಿನಲ್ಲಿ ಆಮೆಗಳು ಬಹಳ ದಟ್ಟವಾಗಿ ಸೇರಿದಾಗ ಹುಲ್ಲು ಮೊದಲು ಗಿಡ್ಡವಾಯಿತು, ಆಮೇಲೆ ತೆಳುವಾಯಿತು. ನಿಧಾನವಾಗಿ ಬೆಳೆದು ಬಹುಕಾಲ ಬಾಳುವ ಥಲಾಸಿಯಾ ಜಾತಿ ಹಿಂದೆ ಸರಿದು, ಬೇಗ ಚಿಗುರುವ ಸೈಮೊಡೋಸಿಯಾ ಮುಂದೆ ಬಂತು. ಈ ಅಧ್ಯಯನದ ಒಂದು ವರದಿ 2010ರಲ್ಲಿ ಪ್ರಕಟವಾಯಿತು. ಅಗತ್ತಿಯ ಹುಲ್ಲು ಸವೆದ ಮೇಲೆ ಆಮೆಗಳು ಬೇರೆ ದ್ವೀಪಗಳಿಗೆ ಸರಿದವು, ಅಲ್ಲೂ ಅದೇ ಕಥೆ. ಮಯೂರೇಶ್ ಗಂಗಲ್ ಮತ್ತಿತರರು 2021ರಲ್ಲಿ ಬರೆದ ಲೇಖನ, ದ್ವೀಪದಿಂದ ದ್ವೀಪಕ್ಕೆ ಹುಲ್ಲುಗಾವಲುಗಳು ಒಂದಾದ ಮೇಲೊಂದು ಸವೆದುಹೋದದ್ದನ್ನು ದಾಖಲಿಸಿದೆ.

ಅಷ್ಟೊಂದು ಆಮೆ ಎಂದರೆ ಅಷ್ಟೊಂದು ಹಿಕ್ಕೆ. ಗೊಬ್ಬರ ಹೆಚ್ಚಾಯಿತಲ್ಲ, ಹುಲ್ಲು ಯಾಕೆ ಉಳಿಯಲಿಲ್ಲ? ಗೊಬ್ಬರ ಹುಲ್ಲಿನ ಹಸಿವು ನೀಗಿಸಬಹುದೇ ಹೊರತು ಎಲೆಯ ಕೆಲಸ ಮಾಡಲಾರದು. ಬಿಸಿಲು ಹಿಡಿದು ಸಕ್ಕರೆ ತಯಾರಿಸುವುದು ಎಲೆ. ಅದು ಬೆಳೆಯುವುದಕ್ಕಿಂತ ಬೇಗ ಕತ್ತರಿಸುತ್ತ ಹೋದರೆ ಸಸ್ಯ ನೆಲದೊಳಗಿನ ಕಾಂಡದ ದಾಸ್ತಾನನ್ನು ಖರ್ಚು ಮಾಡಿ ಚಿಗುರುತ್ತದೆ, ದಾಸ್ತಾನು ಮುಗಿದ ದಿನ ನಿಲ್ಲುತ್ತದೆ. ಅಡಿಕೆ ತೋಟದಲ್ಲಿ ಮರದ ಸೋಗೆಯನ್ನೆಲ್ಲ ಹಸಿಯಾಗಿಯೇ ಕಡಿಯುತ್ತ ಬುಡಕ್ಕೆ ಎಷ್ಟು ಗೊಬ್ಬರ ಸುರಿದರೇನು? ಬೇರೆ ನಷ್ಟವೂ ಜೊತೆಗೆ ಬರುತ್ತದೆ. ಎತ್ತರದ ಹುಲ್ಲು ನೀರಿನ ವೇಗ ತಗ್ಗಿಸಿ ತೇಲಿ ಬಂದ ಸಾವಯವ ಚೂರುಗಳನ್ನು ತಳಕ್ಕೆ ಇಳಿಸುತ್ತಿತ್ತು. ಹುಲ್ಲು ಗಿಡ್ಡವಾದ ಮೇಲೆ ಆ ಚೂರುಗಳೂ ನಿಲ್ಲುವುದಿಲ್ಲ, ಮರಳೂ ಏಳುತ್ತದೆ. ಮರೆ ಹುಡುಕುವ ಮೀನಿನ ಮರಿಗಳಿಗೆ ಜಾಗವಿಲ್ಲ. ಅವು ಬಾರದಿದ್ದರೆ ಅವು ಬಿಡುತ್ತಿದ್ದ ಅಮೋನಿಯಾವೂ ಇಲ್ಲ. ಮೀನುಗಾರರ ಬಲೆಗೆ ಬೀಳುತ್ತಿದ್ದ ಮೀನು ಕಡಿಮೆಯಾದದ್ದು ಅವರ ಭ್ರಮೆಯಲ್ಲ, ಅಳತೆಯಲ್ಲೂ ಸಿಕ್ಕಿದೆ.

ಹಾಗಾದರೆ ಆಮೆಯೇ ಅಪರಾಧಿಯೇ? ಇಲ್ಲಿ ನಾನು ದ್ವೀಪದವರ ಶಾಪಕ್ಕೆ ದನಿಗೂಡಿಸಲಾರೆ. ಹಿಂದೆ ಅಲ್ಲಿ ದೋಣಿಯ ಮರಕ್ಕೆ ಬಳಿಯುವ ಕೊಬ್ಬಿಗಾಗಿ ಆಮೆ ಹಿಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತಿತು, ಆಮೆ ಚೇತರಿಸಿಕೊಂಡಿತು. ಅದು ಒಳ್ಳೆಯದೇ. ಆದರೆ ಆಮೆಯನ್ನು ಅಂಕೆಯಲ್ಲಿಡುವ ದೊಡ್ಡ ಶಾರ್ಕ್‌ಗಳು ಜಗತ್ತಿನಾದ್ಯಂತ ಮೀನುಗಾರಿಕೆಯಿಂದ ಕುಗ್ಗಿವೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಹುಲಿ ಶಾರ್ಕ್‌ಗಳಿರುವ ಕಡೆ ಆಮೆಗಳು ಒಂದೇ ಜಾಗದಲ್ಲಿ ನಿಶ್ಚಿಂತೆಯಿಂದ ಮೇಯುವುದಿಲ್ಲ, ಅಪಾಯದ ಜಾಗ ಬಿಟ್ಟು ಸರಿಯುತ್ತವೆ. ಆ ಭಯವೇ ಹುಲ್ಲಿಗೆ ರಕ್ಷೆ. ನಾವು ಒಂದು ಪ್ರಾಣಿಯನ್ನು ಕಾಪಾಡಿ ಇನ್ನೊಂದನ್ನು ಬಲೆಗೆ ಬಿಟ್ಟೆವು. ಲೆಕ್ಕ ತಪ್ಪಿದ್ದು ನಮ್ಮದು, ಆಮೆಯದ್ದಲ್ಲ. ಆಮೆ ಬಾರದಂತೆ ತಡೆ ಹಾಕಿ ನೋಡಿದ ತುಂಡುಗಳಲ್ಲಿ ಹುಲ್ಲು ಮತ್ತೆ ಎತ್ತರಕ್ಕೆ ಬಂದದ್ದೂ ಉಂಟು. ಅಂದರೆ ಕಾಂಡ ಸಾಯುವ ಮೊದಲು ಬಿಡುವು ಸಿಕ್ಕರೆ ಚೇತರಿಕೆ ಸಾಧ್ಯ.

ಪ್ರಶ್ನೆ: ನಮ್ಮ ಅಜ್ಜ ತೆಂಗಿನ ಬುಡಕ್ಕೆ ಬೂತಾಯಿ ಹಾಕುತ್ತಿದ್ದರಂತೆ. 1) ಅದು ನಿಜವಾಗಿ ಒಳ್ಳೆಯ ಗೊಬ್ಬರವೇ? 2) ಪ್ರಾಣಿಗಳ ಅಮೋನಿಯಾ ಕಡಲಹುಲ್ಲಿಗೆ ಒಳ್ಳೆಯದಾದರೆ ನಾವು ತೋಟಕ್ಕೆ ಹಾಕಿದ ಯೂರಿಯಾ ಹೊಳೆ ಸೇರಿ ಕಡಲಿಗೆ ಹೋದರೂ ಒಳ್ಳೆಯದೇ ಅಲ್ಲವೇ?
– ಯುವ ಕೃಷಿಕ, ತೊಡಿಕಾನ

ಉತ್ತರ: ಅಜ್ಜ ಮಾಡಿದ್ದು ಆ ಕಾಲಕ್ಕೆ ಜಿಲ್ಲೆಯಲ್ಲೆಲ್ಲ ಇದ್ದ ರೂಢಿ. ಬೂತಾಯಿ ರಾಶಿ ಬಿದ್ದ ವರ್ಷಗಳಲ್ಲಿ ದಕ್ಷಿಣ ಕನ್ನಡ, ಮಲಬಾರುಗಳ ತೆಂಗಿನ ತೋಟಕ್ಕೂ ಘಟ್ಟದ ಕಾಫಿ ತೋಟಕ್ಕೂ ಅದೇ ಗೊಬ್ಬರ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯನ್ನು ಹೊರದೇಶಕ್ಕೂ ಕಳಿಸುತ್ತಿದ್ದರು. ಸಾರಜನಕ, ರಂಜಕ ಎರಡೂ ಇರುವ ಒಳ್ಳೆಯ ಗೊಬ್ಬರ, ವಾಸನೆಯೊಂದನ್ನು ಸಹಿಸಿಕೊಂಡರೆ.

ಎರಡನೆಯದಕ್ಕೆ ಉತ್ತರ: ಅಲ್ಲ. ಮೀನು ಬಿಡುವುದು ಚೂರು ಚೂರಾಗಿ, ಹುಲ್ಲು ಹೀರುವಷ್ಟೇ ವೇಗದಲ್ಲಿ. ಒಮ್ಮೆಲೇ ಹೆಚ್ಚು ಸಾರ ನೀರಿಗೆ ಬಿದ್ದರೆ ಅದನ್ನು ಮೊದಲು ಬಾಚಿಕೊಳ್ಳುವುದು ನೀರಿನಲ್ಲಿ ತೇಲುವ ಪಾಚಿ ಮತ್ತು ಹುಲ್ಲಿನ ಎಲೆಯ ಮೇಲೆ ಲೇಪದಂತೆ ಹತ್ತುವ ಪಾಚಿ. ಬಿಸಿಲು ತಡೆಯಾಗಿ ಹುಲ್ಲು ಸಾಯುತ್ತದೆ. ಎಲೆಯ ಮೇಲಿನ ಪಾಚಿಯನ್ನು ಮೇಯುವ ಪುಟ್ಟ ಬಸವನಹುಳು, ಸಿಗಡಿಗಳು ಒಂದು ಮಿತಿಯವರೆಗೆ ಕಾಪಾಡುತ್ತವೆ, ಅದಕ್ಕಿಂತ ಹೆಚ್ಚಾದರೆ ಅವುಗಳ ಕೈಯಲ್ಲೂ ಆಗದು.

ಸ್ವಲ್ಪವೇ ಆದರೂ ಒಂದೇ ಜಾಗಕ್ಕೆ ಬೀಳುತ್ತ ಹೋದರೆ ಬಯಲಿನ ಸ್ವರೂಪವೇ ಬದಲಾಗುತ್ತದೆ. ಅಮೆರಿಕದ ಫ್ಲಾರಿಡಾ ಕೊಲ್ಲಿಯಲ್ಲಿ 1980ರ ದಶಕದ ಆರಂಭದಲ್ಲಿ ಸಂಶೋಧಕರು ಆಳವಿಲ್ಲದ ನೀರಿನಲ್ಲಿ ಕಂಬಗಳನ್ನು ನೆಟ್ಟರು. ನೀರುಕಾಗೆ ಮೊದಲಾದ ಹಕ್ಕಿಗಳು ಅವುಗಳ ಮೇಲೆ ಕೂತು ಹಿಕ್ಕೆ ಹಾಕಿದವು. ರಂಜಕದ ಬರವಿದ್ದ ಆ ತಳದಲ್ಲಿ ಮೊದಲಿದ್ದ ಥಲಾಸಿಯಾ ಇನ್ನೂ ಸೊಂಪಾಗಿ ಬೆಳೆಯಿತು, ಕೆಲವು ವರ್ಷಗಳಲ್ಲಿ ಬೇಗ ಬೆಳೆಯುವ ಇನ್ನೊಂದು ಜಾತಿಯ ಹುಲ್ಲು ಅದನ್ನು ಹೊರದೂಡಿತು. ಕಂಬ ಕಿತ್ತ ಎಷ್ಟೋ ವರ್ಷಗಳ ನಂತರವೂ ಆ ತುಂಡುಗಳಲ್ಲಿ ಹೊಸಬನದ್ದೇ ಪಾರುಪತ್ಯ, ಯಾಕೆಂದರೆ ರಂಜಕ ಮರಳಿನಲ್ಲಿ ಉಳಿದುಕೊಂಡಿತ್ತು. ಕಂಬ ನೆಟ್ಟು ಹಕ್ಕಿ ಕೂರಿಸುವ ಇದೇ ಉಪಾಯವನ್ನು ಈಗ ದೋಣಿಯ ಫ್ಯಾನು ಉತ್ತು ಹಾಳಾದ ಜಾಗಗಳಲ್ಲಿ ಹುಲ್ಲು ಮತ್ತೆ ಹಿಡಿಸಲು, ಬೇಕೆಂದೇ, ಅಳತೆಯಲ್ಲಿ ಬಳಸುತ್ತಾರೆ.

ನಿಮ್ಮ ಯೂರಿಯಾಕ್ಕೆ ಬರೋಣ. ಪಯಸ್ವಿನಿ ಸೇರಿದ್ದು ನಿಮ್ಮ ದುಡ್ಡು ಎಂದುಕೊಂಡರೂ ಸಾಕು. ನೀರಾವರಿಯ ಅಡಿಕೆ ತೋಟಕ್ಕೆ ವರ್ಷದ ಗೊಬ್ಬರದಲ್ಲಿ ಮೂರನೇ ಒಂದು ಪಾಲನ್ನು ಫೆಬ್ರುವರಿಯಲ್ಲಿ, ಉಳಿದ ಎರಡು ಪಾಲನ್ನು ಮಳೆಯ ಜೋರು ಇಳಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಾಕಿ. ಬುಡದ ಸುತ್ತ ಪಾತಿ ಬಿಡಿಸಿ ಹಾಕಿ, ಮಣ್ಣು, ಸೊಪ್ಪು ಮುಚ್ಚಿ. ಜೂನ್–ಜುಲೈಯಲ್ಲಿ ಚೀಲ ಬಿಚ್ಚಬೇಡಿ.